ಹಿಟ್ಲರನ ಕಾಲದ ಜರ್ಮನ್ ಚರ್ಚು ಬಾಯಿ ಬಿಟ್ಟದ್ದು ಯಾರಿಗಾಗಿ?

ಎಲ್ಲರಿಗೂ ನಮಸ್ಕಾರ.

ನಾಜಿಗಳನ್ನು ಚರ್ಚು ಎದುರಿಸಿತೇ ಎಂದು ಕೇಳಿದರೆ ಒಬ್ಬರು ತಕ್ಷಣ, ನಾಜಿಗಳನ್ನು ವಿರೋಧಿಸಿ ಗಲ್ಲಿಗೇರಿದ ಪಾದ್ರಿ ಬೊನ್‌ಹೋಫರ್ ಹೆಸರು ಹೇಳುತ್ತಾರೆ. ಇನ್ನೊಬ್ಬರು 1933ರ ಜುಲೈನಲ್ಲಿ ವ್ಯಾಟಿಕನ್ ಹಿಟ್ಲರ್ ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದವನ್ನು ಮುಂದಿಡುತ್ತಾರೆ. ಎರಡೂ ನಡೆದದ್ದೇ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಚರ್ಚು ಬಾಯಿ ಬಿಟ್ಟಾಗಲೆಲ್ಲ ಯಾರ ಪರವಾಗಿ ಬಿಟ್ಟಿತು?

ಪ್ರೊಟೆಸ್ಟೆಂಟರಿಂದ ಶುರು ಮಾಡೋಣ. 'ಜರ್ಮನ್ ಕ್ರೈಸ್ತರು' ಎಂದು ಕರೆದುಕೊಂಡ ನಾಜಿ ಪರ ಗುಂಪು 1933ರಲ್ಲಿ ಚರ್ಚಿನ ಚುಕ್ಕಾಣಿ ಹಿಡಿಯಿತು. ಯೆಹೂದಿ ಮೂಲದವರು ಪಾದ್ರಿಗಳಾಗಿರಕೂಡದು ಎಂಬ ನಿಯಮವನ್ನು ಆ ಸೆಪ್ಟೆಂಬರಿನಲ್ಲಿ ಪ್ರಷ್ಯಾದ ಚರ್ಚು ಒಪ್ಪಿತು. ಇದನ್ನು ವಿರೋಧಿಸಿ ಮಾರ್ಟಿನ್ ನೀಮೊಲ್ಲರ್ ಪಾದ್ರಿಗಳ ಸಂಘ ಕಟ್ಟಿದರು. ಕೆಲವೇ ತಿಂಗಳಲ್ಲಿ ಸುಮಾರು 7,000 ಪಾದ್ರಿಗಳು ಸೇರಿದರು. ಈ ನೀಮೊಲ್ಲರ್ ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿಯ ಕಪ್ತಾನರಾಗಿದ್ದವರು, ನಾಜಿ ಪಕ್ಷಕ್ಕೆ ಮತ ಹಾಕಿದ್ದವರು. ಅವರ ವಾದ ಇಷ್ಟು: ದೀಕ್ಷಾಸ್ನಾನ ಪಡೆದವನು ಕ್ರೈಸ್ತ, ಅವನ ಅಜ್ಜಿ ಯಾರೆಂದು ಸರ್ಕಾರ ಕೇಳಬೇಕಾಗಿಲ್ಲ. ಸರಿಯಾದ ವಾದವೇ. ಆದರೆ ದೀಕ್ಷಾಸ್ನಾನ ಪಡೆಯದ, ಯೆಹೂದಿ ಪ್ರಾರ್ಥನಾಮಂದಿರವಾದ ಸಿನಗಾಗಿಗೆ ಹೋಗುವ ಸುಮಾರು ಐದು ಲಕ್ಷ ಜನ ಅದರ ಹೊರಗೇ ಉಳಿದರು.

1934ರ ಮೇ ಕೊನೆಗೆ ಬಾರ್ಮೆನ್‌ನಲ್ಲಿ ಸೇರಿದ, ನಾಜಿ ಪರ ಗುಂಪನ್ನು ಒಪ್ಪದ ಪ್ರೊಟೆಸ್ಟೆಂಟರ ಸಭೆ ಆರು ಅಂಶಗಳ ಘೋಷಣೆ ಹೊರಡಿಸಿತು. ಬರೆದವರಲ್ಲಿ ಮುಖ್ಯರು ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್. ಮನುಷ್ಯನ ಬದುಕನ್ನೆಲ್ಲ ಆಳುವ ಹಕ್ಕು ರಾಜ್ಯಕ್ಕಿಲ್ಲ ಎಂದು ಆ ದಿನಗಳಲ್ಲಿ ಹೇಳುವುದಕ್ಕೆ ಎದೆಗಾರಿಕೆ ಬೇಕಿತ್ತು. ಆ ಘೋಷಣೆಯನ್ನು ಮೊದಲಿಂದ ಕೊನೆತನಕ ಓದಿ ನೋಡಿ: ಯೆಹೂದಿಗಳ ಮೇಲೆ ನಡೆಯುತ್ತಿದ್ದ ದೌರ್ಜನ್ಯದ ಸುದ್ದಿಯೇ ಇಲ್ಲ.

'ಮಾತಾಡಿದ್ದರೆ ತಾನೇ ಏನಾಗುತ್ತಿತ್ತು, ತಲೆ ಹೋಗುತ್ತಿತ್ತು' ಎನ್ನುವವರಿದ್ದಾರೆ. ಅವರಿಗೆ ನಾನು ಮ್ಯೂನ್‌ಸ್ಟರ್ ಊರಿನ ಕ್ಯಾಥೊಲಿಕ್ ಬಿಷಪ್ ಫಾನ್ ಗಾಲೆನ್ ಕಥೆ ಹೇಳುತ್ತೇನೆ. ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ಸರ್ಕಾರ ಗುಟ್ಟಾಗಿ ಕೊಲ್ಲಿಸುತ್ತಿತ್ತು. 1941ರ ಬೇಸಿಗೆಯ ಹೊತ್ತಿಗೆ ಸತ್ತವರು ಸುಮಾರು 70,000. ಆಗಸ್ಟ್ 3ರಂದು ಗಾಲೆನ್ ಚರ್ಚಿನಲ್ಲಿ ಉಪದೇಶ ಮಾಡುವ ಪ್ರಸಂಗ ಪೀಠದಿಂದಲೇ ಇದನ್ನು ಕೊಲೆ ಎಂದು ಕರೆದರು. ದುಡಿಯಲಾರದವರನ್ನು ಕೊಲ್ಲಬಹುದಾದರೆ ನಾಳೆ ಕೈಕಾಲು ಕಳೆದುಕೊಂಡು ಯುದ್ಧದಿಂದ ಮರಳುವ ಸೈನಿಕನ ಗತಿಯೇನು ಎಂದು ಕೇಳಿದರು. ಆ ಮಾತು ಕೈಬರಹದಲ್ಲಿ, ಟೈಪಿನಲ್ಲಿ ದೇಶವೆಲ್ಲ ಓಡಾಡಿತು. ಅವರನ್ನು ಗಲ್ಲಿಗೇರಿಸಬೇಕೆಂಬ ಒತ್ತಾಯ ಪಕ್ಷದೊಳಗೆ ಇತ್ತು. ಯುದ್ಧದ ನಡುವೆ ಇಡೀ ಪ್ರಾಂತ್ಯದ ಕ್ಯಾಥೊಲಿಕರು ಕೈಬಿಟ್ಟು ಹೋದಾರು ಎಂದು ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಅಂಜಿಕೆ. ಅದೇ ತಿಂಗಳು ಹಿಟ್ಲರ್ ರೋಗಿಗಳನ್ನು ಅನಿಲ ಕೋಣೆಗಳಲ್ಲಿ ಕೊಲ್ಲುವ ಆ ಕಾರ್ಯಕ್ರಮ ನಿಲ್ಲಿಸಲು ಹೇಳಿದ. ಕೊಲೆ ನಿಂತಿತೆಂದುಕೊಳ್ಳಬೇಡಿ, ಆಸ್ಪತ್ರೆಗಳಲ್ಲಿ ಸೂಜಿಮದ್ದು ಕೊಟ್ಟು, ಉಪವಾಸ ಕೆಡವಿ ಅದು ಮುಂದುವರಿಯಿತು. ಆದರೂ ಪೀಠದ ಮಾತಿಗೆ ಸರ್ಕಾರ ಅಂಜಿತು ಎಂಬುದು ಸಾಬೀತಾಯಿತು.

ಬಿಷಪ್ಪರನ್ನು ಮುಟ್ಟಲಿಲ್ಲ, ನಿಜ. ಅವರ ಪ್ರಸಂಗಗಳನ್ನು ಹಂಚಿದ ಲ್ಯೂಬೆಕ್‌ನ ಮೂವರು ಕ್ಯಾಥೊಲಿಕ್ ಪಾದ್ರಿಗಳು ಮತ್ತು ಒಬ್ಬ ಲುಥೆರನ್ ಪಾದ್ರಿಯ ತಲೆ ಕಡಿದರು, 1943ರ ನವೆಂಬರಿನಲ್ಲಿ. ಬಿಷಪ್ಪರಿಗಿದ್ದ ರಕ್ಷಣೆ ಕೆಳಗಿನವರಿಗೆ ಇರಲಿಲ್ಲ. ಇಷ್ಟು ಬಲವಿದ್ದ ಅದೇ ಗಾಲೆನ್ ಯೆಹೂದಿಗಳ ಬಗ್ಗೆ ಅಂಥ ಒಂದು ಪ್ರಸಂಗವನ್ನೂ ಮಾಡಲಿಲ್ಲ. ನನಗೆ ಅವರ ಮೇಲಿರುವ ಗೌರವ, ಸಿಟ್ಟು ಎರಡಕ್ಕೂ ಕಾರಣ ಆ ಬಲವೇ.

ಯೆಹೂದಿಗಳಿಗಾಗಿ ಬಾಯಿ ಬಿಟ್ಟವರು ಇರಲೇ ಇಲ್ಲವೇ? ಇದ್ದರು. ಬರ್ಲಿನ್ನಿನ ಸೇಂಟ್ ಹೆಡ್ವಿಗ್ ಕಥೀಡ್ರಲಿನ ಪಾದ್ರಿ ಬರ್ನ್‌ಹಾರ್ಡ್ ಲಿಖ್ಟೆನ್‌ಬರ್ಗ್ 1938ರ ನವೆಂಬರಿನಲ್ಲಿ ನಾಜಿಗಳು ಸಿನಗಾಗಿಗಳನ್ನು ಸುಟ್ಟ ಮೇಲೆ ಸಂಜೆಯ ಪೂಜೆಯಲ್ಲಿ ಯೆಹೂದಿಗಳಿಗಾಗಿ ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸತೊಡಗಿದರು. ಸುಮಾರು ಮೂರು ವರ್ಷ ಅದು ನಡೆಯಿತು. 1941ರಲ್ಲಿ ಅದನ್ನು ಕೇಳಿದ ಇಬ್ಬರು ವಿದ್ಯಾರ್ಥಿನಿಯರು ದೂರು ಕೊಟ್ಟರು. ಎರಡು ವರ್ಷ ಜೈಲು. ಬಿಟ್ಟ ಮೇಲೆ ಡಖಾವ್ ಯಾತನಾ ಶಿಬಿರಕ್ಕೆ ಸಾಗಿಸುವಾಗ ದಾರಿಯಲ್ಲೇ ತೀರಿಕೊಂಡರು.

ಯುದ್ಧ ಮುಗಿದು 1945ರ ಅಕ್ಟೋಬರಿನಲ್ಲಿ ಪ್ರೊಟೆಸ್ಟೆಂಟ್ ನಾಯಕರು ಸ್ಟುಟ್‌ಗಾರ್ಟ್‌ನಲ್ಲಿ ತಪ್ಪೊಪ್ಪಿಗೆ ಬರೆದರು. ಇನ್ನಷ್ಟು ಧೈರ್ಯವಾಗಿ ನಮ್ಮ ವಿಶ್ವಾಸವನ್ನು ಸಾರಬೇಕಿತ್ತು ಎಂದರು. ಅದರಲ್ಲೂ ಯೆಹೂದಿಗಳ ಹೆಸರಿಲ್ಲ. ಅವರ ಹೆಸರು ಹಿಡಿದು ಚರ್ಚು ತಪ್ಪೊಪ್ಪಿಕೊಂಡದ್ದು 1950ರಲ್ಲಿ, ಬರ್ಲಿನ್-ವೈಸೆನ್‌ಸೇಯಲ್ಲಿ ನಡೆದ, ಚರ್ಚಿನ ಪ್ರತಿನಿಧಿಗಳ ಸಭೆಯಾದ ಸಿನೊಡ್‌ನಲ್ಲಿ. ಬಾರ್ಮೆನ್‌ನಲ್ಲಿ ಆ ವಿಷಯ ಎತ್ತದೆ ಹೋದದ್ದು ತನ್ನದೇ ಅಪರಾಧ ಎಂದು ಬಾರ್ತ್ ಬರೆದದ್ದು 1967ರಲ್ಲಿ, ಸಾಯುವುದಕ್ಕೆ ಒಂದು ವರ್ಷ ಮುಂಚೆ.