ದಾಸೋಹದ ಸಾಲು ಏಕೆ ಕರಗುತ್ತಿಲ್ಲ? ಬಡತನದ ನೀತಿ ಮತ್ತು ನಮ್ಮ ಮಠ, ದರ್ಗಾ, ಚರ್ಚುಗಳು

[ದೃಶ್ಯ: ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರ ಸಾಲು. ಬೆರಳಚ್ಚು ಯಂತ್ರದ ಮೇಲೆ ಒಂದು ಹೆಬ್ಬೆರಳು.]

ಶರಣು ಶರಣಾರ್ಥಿ. ಇವತ್ತಿನ ವಿಷಯವನ್ನು ಒಂದು ಹೆಬ್ಬೆರಳಿನಿಂದ ಆರಂಭಿಸುತ್ತೇನೆ. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಎಪ್ಪತ್ತು ದಾಟಿದ ಒಬ್ಬ ತಾಯಿ ನನ್ನ ಕಣ್ಣೆದುರಿಗೇ ಆರು ಸಲ ಬೆರಳು ಒತ್ತಿದರು. ಅರ್ಧ ಶತಮಾನ ಕಳೆ ತೆಗೆದ, ಹತ್ತಿ ಬಿಡಿಸಿದ ಆ ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಸೆರಗಿನಿಂದ ಒರೆಸಿಕೊಂಡರು, ಎಂಜಲು ಹಚ್ಚಿ ನೋಡಿದರು, ಎಡಗೈಯನ್ನೂ ಇಟ್ಟರು. ಯಂತ್ರ ಒಪ್ಪಲಿಲ್ಲ. ಅಂಗಡಿಯವರು ಒರಟಾಗೇನೂ ಮಾತನಾಡಲಿಲ್ಲ, "ನಾಳಿಗಿ ಬರ್ರಿ ಅವ್ವಾ" ಎಂದಷ್ಟೇ ಹೇಳಿದರು. ಆ ತಾಯಿ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಮಧ್ಯಾಹ್ನದ ಪ್ರಸಾದಕ್ಕೆಂದು ಮಠದ ಕಡೆಗೆ ನಡೆದರು. "ಇಲ್ಲಿ ಅಕ್ಕಿ ಸಿಗಲಿಲ್ಲಂದ್ರ ಅಲ್ಲಿ ಊಟ ಆಗ್ತದಲ್ಲ" ಎಂಬ ಅವರ ಮಾತಿನಲ್ಲಿ ದೂರು ಇರಲಿಲ್ಲ. ದೂರು ಇದ್ದದ್ದು ನನ್ನಲ್ಲಿ.

ಮಠದ ದಾಸೋಹದಲ್ಲಿ ಅವರಿಗೆ ಊಟ ಬಡಿಸಿದವರು "ಯಾಕ್ ಬಂದಿ?" ಎಂದು ಕೇಳಲಿಲ್ಲ. ಹಸಿದವರನ್ನು ಹಾಗೆ ಕೇಳಬಾರದೆಂಬುದೇ ದಾಸೋಹದ ಮರ್ಯಾದೆ. ಆದರೆ ಊಟ ಮುಗಿದ ಮೇಲೆ, ಕೈ ತೊಳೆದ ಮೇಲೆ, ಆ ಪ್ರಶ್ನೆಯನ್ನು ಯಾರಾದರೂ ಕೇಳಬೇಕಲ್ಲವೆ? ಕೇಳಿ, ಉತ್ತರವನ್ನು ಸರ್ಕಾರದ ಮುಂದಿಡುವ ಕೆಲಸ ಅನ್ನ ಹಾಕುವ ಧಾರ್ಮಿಕ ಸಂಸ್ಥೆಗಳದ್ದೂ ಹೌದೆ ಎಂಬುದು ಈ ವಿಡಿಯೋದ ವಿಷಯ. ಹೌದು ಎಂಬುದು ನನ್ನ ನಿಲುವು. ಏಕೆ, ಎಷ್ಟರ ಮಟ್ಟಿಗೆ ಎಂಬುದನ್ನು ವಿವರಿಸುತ್ತೇನೆ.

[ದೃಶ್ಯ: ಬಸವಕಲ್ಯಾಣದ ಕೋಟೆ, ರಾಶಿಯಾದ ಮೇಲಿನ ಜೋಳದ ಹೊಲ.]

ನಮ್ಮ ಭಾಗದಲ್ಲಿ ಇದು ಹೊಸ ಪ್ರಶ್ನೆಯಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಕಾಯಕ ಮತ್ತು ದಾಸೋಹದ ಮಾತನಾಡಿದ ಬಸವಣ್ಣನವರು ಕಾಡಿನಲ್ಲಿ ಕುಳಿತ ಸನ್ಯಾಸಿಯಾಗಿರಲಿಲ್ಲ. ಅವರು ಬಿಜ್ಜಳನ ಭಂಡಾರಿಯಾಗಿದ್ದರೆಂದು ಪರಂಪರೆ ಹೇಳುತ್ತದೆ, ಎಂದರೆ ರಾಜ್ಯದ ಬೊಕ್ಕಸದ ಕೀಲಿ ಅವರ ಕೈಯಲ್ಲಿತ್ತು. ಅದೇ ಊರಿನ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಕಳಿಸಿದಳು. ಈ ಕಥೆಯನ್ನು ನಾವು ಸಾಮಾನ್ಯವಾಗಿ ಆಸೆ ಬಿಡುವ ಪಾಠವೆಂದು ಓದುತ್ತೇವೆ. ನನಗೆ ಅದರಲ್ಲಿ ಹಂಚಿಕೆಯ ಲೆಕ್ಕವೂ ಕಾಣುತ್ತದೆ: ಒಬ್ಬರ ಮನೆಗೆ ಹೆಚ್ಚಾಗಿ ಬಂದದ್ದು ಇನ್ನೊಬ್ಬರ ಪಾಲಿನದು.

ಬಿದ್ದ ಕಾಳನ್ನು ಆಯುವುದಕ್ಕೆ ನಮ್ಮಲ್ಲಿ ಹಕ್ಕಲು ಎನ್ನುತ್ತೇವೆ. ಕಲಬುರಗಿ, ಬೀದರಿನ ಚರ್ಚುಗಳಲ್ಲಿ ಓದುವ ಕನ್ನಡ ಬೈಬಲಿನ ಯಾಜಕಕಾಂಡದಲ್ಲಿಯೂ ಇದೇ ಶಬ್ದವಿದೆ. ಹೊಲದ ಅಂಚಿನ ಪೈರನ್ನು ಕೊಯ್ಯಬೇಡ, ಹಕ್ಕಲಾಯಬೇಡ, ಅದು ಬಡವರಿಗೂ ಪರದೇಶದವರಿಗೂ ಇರಲಿ ಎಂಬುದು ಅಲ್ಲಿನ ಆಜ್ಞೆಯ ಸಾರ. ಗಮನಿಸಿ, ಇದು ದಯೆ ತೋರು ಎಂಬ ಬೋಧನೆಯ ರೂಪದಲ್ಲಿಲ್ಲ, ಹೊಲದ ಒಡೆಯನಿಗೆ ಹಾಕಿದ ಕಟ್ಟಳೆಯ ರೂಪದಲ್ಲಿದೆ. ಅದೇ ಗ್ರಂಥದಲ್ಲಿ ಐವತ್ತನೆಯ ವರ್ಷಕ್ಕೊಮ್ಮೆ ಮಾರಿಹೋದ ಹೊಲ ಮೂಲ ಒಡೆಯನಿಗೆ ಮರಳಬೇಕು, ಬಡತನದಿಂದ ತನ್ನನ್ನೇ ಮಾರಿಕೊಂಡವನು ಬಿಡುಗಡೆಯಾಗಬೇಕು ಎಂಬ ಜೂಬಿಲಿಯ ನಿಯಮವಿದೆ. ಅದರ ಹೆಸರನ್ನೇ ಇಟ್ಟುಕೊಂಡು ಜೂಬಿಲಿ 2000 ಎಂಬ ಚಳವಳಿ ಬಡ ದೇಶಗಳ ಸಾಲ ಮನ್ನಾ ಮಾಡಿರೆಂದು ಒತ್ತಾಯಿಸಿತು. 1998ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಶ್ರೀಮಂತ ದೇಶಗಳ ನಾಯಕರು ಸಭೆ ಸೇರಿದಾಗ ಸುಮಾರು 70,000 ಜನ ಕೈಕೈ ಹಿಡಿದು ಸರಪಳಿಯಾಗಿ ನಿಂತರು. ಅವರಲ್ಲಿ ಬಹಳಷ್ಟು ಮಂದಿ ಚರ್ಚುಗಳ ಮೂಲಕ ಬಂದವರು. ಇಸ್ಲಾಮಿನ ಜಕಾತ್ ಕೂಡ ಮನಸ್ಸು ಬಂದಾಗ ಕೊಡುವ ಭಿಕ್ಷೆಯಲ್ಲ. ನಿಗದಿತ ಮಿತಿ ಮೀರಿದ ಉಳಿತಾಯದ ನಲವತ್ತರಲ್ಲಿ ಒಂದು ಪಾಲು ಎಂದು ಲೆಕ್ಕ ಹಾಕಿ ತೆಗೆದಿಡಬೇಕಾದ ಬಾಧ್ಯತೆ.

ಅನ್ನ ಹಾಕುವುದರಲ್ಲಿ ನಮ್ಮ ಭಾಗ ಎಂದೂ ಹಿಂದೆ ಬಿದ್ದಿಲ್ಲ. ಅರಳಗುಂಡಗಿಯಿಂದ ಕಲಬುರಗಿಗೆ ಬಂದ ಶರಣಬಸವೇಶ್ವರರು ಹೊಲದಲ್ಲಿ ಕವಣೆ ಬೀಸುವ ಬದಲು ಹಕ್ಕಿಗಳಿಗೆ ನೀರಿಟ್ಟವರೆಂದು ಪ್ರತೀತಿಯಿದೆ. ಅವರ ದಾಸೋಹ ಇಂದಿಗೂ ನಡೆದಿದೆ. ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಲಂಗರಿನ ಪರಂಪರೆಯಿದೆ, ಬೀದರಿನ ಗುರುನಾನಕ ಝೀರಾದ ಗುರುದ್ವಾರದಲ್ಲಿ ಬಂದವರೆಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಣ್ಣುತ್ತಾರೆ. ಇಷ್ಟೆಲ್ಲ ಇದ್ದೂ, 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 52ನ್ನು ಮುಟ್ಟಲಿಲ್ಲ, ಅದು ರಾಜ್ಯದಲ್ಲೇ ಅತಿ ಕಡಿಮೆ. ತೊಗರಿ ರಾಶಿ ಮುಗಿದೊಡನೆ ತಾಂಡಾಗಳು ಖಾಲಿಯಾಗಿ ಜನ ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುವುದೂ ನಿಂತಿಲ್ಲ. ಪ್ರಸಾದ ಇವತ್ತಿನ ಹಸಿವನ್ನು ಕಳೆಯುತ್ತದೆ, ಕೂಲಿಯ ದರವನ್ನು ನಿರ್ಧರಿಸುವುದಿಲ್ಲ.

[ದೃಶ್ಯ: ಸರ್ಕಾರಿ ಶಾಲೆಯ ಅಡುಗೆ ಕೋಣೆ. ಬಕೆಟ್ಟಿನಲ್ಲಿ ಬೇಯಿಸಿದ ಮೊಟ್ಟೆಗಳು.]

ನಂಬಿಕೆಯ ಶಬ್ದವೊಂದು ಸರ್ಕಾರದ ನೀತಿಯಾದ ಉದಾಹರಣೆ ನಮ್ಮ ಮಕ್ಕಳ ತಟ್ಟೆಯಲ್ಲಿಯೇ ಇದೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಆ ಮೊಕದ್ದಮೆ ಹೂಡಿದ್ದು ಯಾವ ಮಠವೂ ಅಲ್ಲ, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ. ಇದನ್ನು ಮುಚ್ಚಿಡದೆ ಹೇಳಬೇಕು. ಕರ್ನಾಟಕ 2002ರಲ್ಲಿ ಬಿಸಿಯೂಟವನ್ನು ಮೊದಲು ಆರಂಭಿಸಿದ್ದು ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ಶಬ್ದವನ್ನು ಸರ್ಕಾರ ಎರವಲು ಪಡೆಯಿತು, ಆದರೆ ಅರ್ಥ ಒಂದು ಹೆಜ್ಜೆ ಮುಂದೆ ಹೋಯಿತು: ಮಠದ ಊಟ ನಿಂತರೆ ನಾವು ಬೇಸರ ಪಡಬಹುದು, ಶಾಲೆಯ ಊಟ ನಿಂತರೆ ಮುಖ್ಯೋಪಾಧ್ಯಾಯರಿಂದ ಹಿಡಿದು ನ್ಯಾಯಾಲಯದವರೆಗೆ ಪ್ರಶ್ನಿಸಬಹುದು.

ಇದೇ ತಟ್ಟೆಯ ಸುತ್ತ 2021ರ ಕೊನೆಯಲ್ಲಿ ದೊಡ್ಡ ಜಗಳವೂ ಆಯಿತು. ಅಪೌಷ್ಟಿಕತೆ ಮತ್ತು ರಕ್ತಹೀನತೆ ಯಾದಗಿರಿಯ ಮಕ್ಕಳಲ್ಲಿ ಶೇ. 74, ಕಲಬುರಗಿಯಲ್ಲಿ ಶೇ. 72.4, ಬೀದರಿನಲ್ಲಿ ಶೇ. 69.1 ಇದೆ ಎಂಬ ಅಂಕಿಗಳನ್ನು ಮುಂದಿಟ್ಟು, ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಸರ್ಕಾರ ಆರಂಭಿಸಿತು. ಶಾಲೆಯಲ್ಲಿ ಎಲ್ಲರಿಗೂ ಒಪ್ಪುವ ಸಸ್ಯಾಹಾರವಷ್ಟೇ ಇರಲಿ ಎಂದು ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕು ಎಂದು ಮಕ್ಕಳೇ ಮಾತನಾಡಿದರು. ಗಂಗಾವತಿಯ ವಿದ್ಯಾರ್ಥಿನಿಯರ ವಿಡಿಯೋ ನಿಮ್ಮಲ್ಲಿ ಅನೇಕರ ಫೋನಿಗೂ ಬಂದಿರಬಹುದು. ಮೊಟ್ಟೆ ಉಳಿಯಿತು, ಮುಂದೆ ರಾಜ್ಯದ ಉಳಿದ ಜಿಲ್ಲೆಗಳಿಗೂ ಹೋಯಿತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಹಣದ ನೆರವಿನಿಂದ ವಾರಕ್ಕೆ ಆರು ದಿನವಾಯಿತು.

ವಿರೋಧಿಸಿದವರಿಗೆ ಮಾತನಾಡುವ ಹಕ್ಕು ಇರಲಿಲ್ಲವೆಂದು ನಾನು ಹೇಳಲಾರೆ. ಹಕ್ಕಿತ್ತು, ಮತ್ತು ಅವರ ಮಠಗಳಲ್ಲಿ ಸಾವಿರಾರು ಬಡ ಮಕ್ಕಳು ಉಚಿತ ಪ್ರಸಾದ ನಿಲಯದಲ್ಲಿ ಓದಿದ್ದಾರೆಂಬುದೂ ನಿಜ. ನನ್ನ ತಕರಾರು ಬೇರೆ. ಅವರು ತಮ್ಮ ಆಚಾರದ ಪ್ರಶ್ನೆಯನ್ನು ಕೇಳಿದರು, ಶೇ. 74ರ ಪ್ರಶ್ನೆಯನ್ನು ಕೇಳಲಿಲ್ಲ. ಧರ್ಮ ನೀತಿಯ ಬಗ್ಗೆ ಮಾತನಾಡುವಾಗ ತಟ್ಟೆಯ ಮುಂದೆ ಕುಳಿತವರ ಹಸಿವಿನಿಂದ ಹೊರಡಬೇಕೋ, ಬಡಿಸುವವರ ಶುದ್ಧಿಯಿಂದ ಹೊರಡಬೇಕೋ ಎಂಬಲ್ಲಿ ಇಡೀ ವ್ಯತ್ಯಾಸ ಇದೆ.

ಮಠಗಳಿಗೆ ಸರ್ಕಾರದ ಮೇಲೆ ಒತ್ತಡ ಹೇರಲು ಬರುವುದಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. 2021ರ ಜನವರಿಯಲ್ಲಿ ಮೀಸಲಾತಿಯ ಪ್ರವರ್ಗ ಬದಲಿಸಿರೆಂದು ಕೂಡಲಸಂಗಮದಿಂದ ಬೆಂಗಳೂರಿನವರೆಗೆ ಪಾದಯಾತ್ರೆಯೇ ನಡೆಯಿತು. ಸಮುದಾಯ ಭವನಕ್ಕೆ ಅನುದಾನ, ಸಮುದಾಯದ ಹೆಸರಿನಲ್ಲಿ ನಿಗಮ, ಇವುಗಳಿಗೆ ಮನವಿ ಬರೆಯುವ ಕೈಗಳು ಚೆನ್ನಾಗಿ ಪಳಗಿವೆ. ಅದೇ ಕೈಗಳು ಪಡಿತರ ಅಂಗಡಿಯ ಬೆರಳಚ್ಚಿನ ಬಗ್ಗೆ, ಉದ್ಯೋಗ ಖಾತರಿಯ ಬಾಕಿ ಕೂಲಿಯ ಬಗ್ಗೆ, ತಾಂಡಾದ ಅಂಗನವಾಡಿಯ ಬಗ್ಗೆ ಬರೆದದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

[ದೃಶ್ಯ: ಕೈಬರಹದ ಮನವಿ ಪತ್ರ.]

ಕಾನೂನಿನ ಗೆರೆ ಎಲ್ಲಿದೆ ಎಂದು ಕೇಳುವವರಿಗೆ ಉತ್ತರ ಸ್ಪಷ್ಟವಾಗಿದೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮಿನಡಿ ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ, ಇದು ಅಭ್ಯರ್ಥಿಯ ಧರ್ಮಕ್ಕೆ ಮಾತ್ರವಲ್ಲ ಮತದಾರನ ಧರ್ಮಕ್ಕೂ ಅನ್ವಯಿಸುತ್ತದೆ ಎಂದಿತು. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯುವ 1988ರ ಕಾಯ್ದೆಯ ಪ್ರಕಾರ ಸಂಸ್ಥೆಯ ಆವರಣವನ್ನು ರಾಜಕೀಯ ಚಟುವಟಿಕೆಗೂ, ಹಣ ಮತ್ತು ಆಸ್ತಿಯನ್ನು ಯಾವುದೇ ಪಕ್ಷದ ಲಾಭಕ್ಕೂ ಬಳಸುವಂತಿಲ್ಲ. ಅಭ್ಯರ್ಥಿಯ ಹೆಸರೆತ್ತದೆ, ಅಧಿಕಾರಿಗೆ ಮನವಿ ಕೊಡುವುದು, ಮಾಹಿತಿ ಹಕ್ಕಿನಲ್ಲಿ ಲೆಕ್ಕ ಕೇಳುವುದು, ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದು ಎಲ್ಲ ನಾಗರಿಕರಿಗೂ ಇರುವಂತೆ ಸ್ವಾಮಿಗಳಿಗೂ ಮೌಲ್ವಿಗಳಿಗೂ ಪಾದ್ರಿಗಳಿಗೂ ಇರುವ ದಾರಿ.

ಆ ತಾಯಿಯ ವಿಷಯವನ್ನೇ ತೆಗೆದುಕೊಳ್ಳಿ. ಆಧಾರ್‌ನ ಬೆರಳಚ್ಚು ತಾಳೆಯಾಗಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಜಿಲ್ಲೆಗೊಬ್ಬ ಕುಂದುಕೊರತೆ ಅಧಿಕಾರಿ, ರಾಜ್ಯಕ್ಕೊಂದು ಆಹಾರ ಆಯೋಗ ಇರಬೇಕೆಂದಿದೆ. ಓದಲು ಬಾರದ ಎಪ್ಪತ್ತರ ಹೆಣ್ಣುಮಗಳು ಇವರಿಗೆ ಅರ್ಜಿ ಬರೆಯುವುದಿಲ್ಲ. ಆದರೆ ದಾಸೋಹದ ಮನೆಯಲ್ಲಿ ಒಂದು ಪುಸ್ತಕವಿಟ್ಟು, ಹೇಳಲು ಒಪ್ಪಿದವರಿಂದ ಮಾತ್ರ, ಪಡಿತರ ಚೀಟಿ ಇದೆಯೆ, ಈ ತಿಂಗಳ ಅಕ್ಕಿ ಬಂತೆ, ಬರದಿದ್ದರೆ ಏಕೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡರೆ, ಮೂರು ತಿಂಗಳಲ್ಲಿ ತಹಸೀಲ್ದಾರರ ಮೇಜಿನ ಮೇಲೆ ಇಡಬಹುದಾದ ದಾಖಲೆ ಸಿದ್ಧವಾಗುತ್ತದೆ. ಜಾತಿಯ ಕಾಲಂ ಆ ಪುಸ್ತಕದಲ್ಲಿ ಬೇಡ. ಮಠ, ದರ್ಗಾ, ಚರ್ಚು ಮೂರೂ ಕೂಡಿ ಒಂದೇ ಮನವಿ ಕೊಟ್ಟರೆ, ಇದು ಯಾರ ಓಟಿನ ಲೆಕ್ಕ ಎಂದು ಅಧಿಕಾರಿಗಳು ಊಹಿಸುವ ತೊಂದರೆಯೂ ತಪ್ಪುತ್ತದೆ.

ದೊಡ್ಡ ಪ್ರಮಾಣದಲ್ಲಿ ಕೇಳಲು ಕಲಬುರಗಿಯಲ್ಲಿಯೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 98ನೇ ತಿದ್ದುಪಡಿಯಿಂದ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು, ಅದರ ಫಲವಾಗಿ ಮಂಡಳಿ ಬಂತು. ಈ ಮಂಡಳಿಯ ಹಣ ಕಟ್ಟಡಕ್ಕೆ ಎಷ್ಟು, ಮಕ್ಕಳ ಪೌಷ್ಟಿಕತೆಗೆ ಎಷ್ಟು ಎಂದು ವರ್ಷಕ್ಕೊಮ್ಮೆ ಕೇಳುವ ಧ್ವನಿ ಜಾತ್ರೆಯ ವೇದಿಕೆಯಿಂದ ಬಂದರೆ ಅದಕ್ಕೆ ಬೇರೆಯೇ ತೂಕವಿರುತ್ತದೆ.

[ದೃಶ್ಯ: ಅಡುಗೆ ಕೋಣೆ ಮತ್ತೊಮ್ಮೆ. ಮೊಟ್ಟೆ ಸುಲಿಯುವ ಕೈಗಳು.]

ಕೊನೆಯದಾಗಿ ಈ ಕೈಗಳನ್ನು ನೋಡಿ. ಕಲಬುರಗಿ ತಾಲೂಕಿನ ಈ ಶಾಲೆಯಲ್ಲಿ ಅಡುಗೆಯವರು ಬೆಳಿಗ್ಗೆ ಒಂಬತ್ತಕ್ಕೆ ಬಂದು ಅಕ್ಕಿ ಆರಿಸುತ್ತಾರೆ, ಬೇಯಿಸಿದ ಮೊಟ್ಟೆಯನ್ನು ತಣ್ಣೀರಿಗೆ ಹಾಕಿ ಒಂದೊಂದಾಗಿ ಸುಲಿಯುತ್ತಾರೆ, ಮಕ್ಕಳು ಉಂಡ ಮೇಲೆ ಪಾತ್ರೆ ತಿಕ್ಕಿ ಮೂರು ಗಂಟೆಯ ನಂತರ ಮನೆಗೆ ಹೋಗುತ್ತಾರೆ. ಸರ್ಕಾರದ ಕಡತದಲ್ಲಿ ಇದಕ್ಕೆ ಕೊಡುವ ಹಣದ ಹೆಸರು ಗೌರವಧನ. ಸಂಬಳ ಎಂದು ಬರೆದರೆ ಕನಿಷ್ಠ ವೇತನದ ಪ್ರಶ್ನೆ ಏಳುತ್ತದೆ. ಯೋಜನೆಗೆ ದಾಸೋಹದ ಹೆಸರು ಕೊಟ್ಟವರು ಅದರ ಜೋಡಿ ಶಬ್ದವಾದ ಕಾಯಕವನ್ನು ಮರೆತಂತಿದೆ. ಅದನ್ನು ನೆನಪಿಸಲು ಕಾಯಕದ ಬಗ್ಗೆ ವರ್ಷವಿಡೀ ಪ್ರವಚನ ಮಾಡುವವರಿಗಿಂತ ಯೋಗ್ಯರು ಯಾರಿದ್ದಾರೆ? ಮೊಟ್ಟೆಯ ವಿರುದ್ಧ ಬರೆದ ಮನವಿಗಳು ಬೆಂಗಳೂರಿಗೆ ತಲುಪಿದ್ದವು. ಅದನ್ನು ಸುಲಿಯುವವರ ಕೂಲಿಯ ಬಗ್ಗೆ ಬರೆಯುವ ಮನವಿಗೂ ವಿಳಾಸ ಅದೇ.