ಡಬ್ಬಿಯೊಳಗಿನ ಮೂರು ನಿಮಿಷ

ಕೇಳುಗರೇ, ನಮಸ್ಕಾರ.

ಮನೆ ಖಾಲಿ ಮಾಡುವಾಗಲೋ ಬೀರು ಒರೆಸುವಾಗಲೋ ಹಿಂದೆ ಮನೆಯ ಮದುವೆ, ಹಬ್ಬಗಳನ್ನು ಸಿನಿಮಾದಂತೆ ಹಿಡಿಯುತ್ತಿದ್ದ ಹಳೆಯ 8 ಎಂಎಂ ಫಿಲಂ ಸುರುಳಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಮೊದಲು ಡಬ್ಬಿ ತೆಗೆದು ಮೂಸಿ ನೋಡಿ. ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತ ಹಾಗೆ ವಿನೆಗರ್ ವಾಸನೆ ಹೊಡೆದರೆ ತಡ ಮಾಡಬೇಡಿ. ಈ ಫಿಲಂ ಅಸಿಟೇಟ್ ಎಂಬ ಒಂದು ಬಗೆಯ ಪ್ಲಾಸ್ಟಿಕ್ಕಿನದು. ಸೆಕೆ, ತೇವ ಸೇರಿದರೆ ಕೆಡಲು ಶುರುವಾಗಿ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೇ ಬಿಡುತ್ತದೆ. ಒಮ್ಮೆ ಹಿಡಿದರೆ ವಾಸಿಯಾಗುವುದಿಲ್ಲ, ತಂಪಿನಲ್ಲಿಟ್ಟು ನಿಧಾನ ಮಾಡಬಹುದು ಅಷ್ಟೆ. ಮಂಗಳೂರು, ಕಾರವಾರದ ಕಡೆಯವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು.

ಹಳೇ ಪ್ರೊಜೆಕ್ಟರ್ ಇದೆಯಲ್ಲ, ಸುಮ್ನೆ ಒಂದು ಸಲ ಓಡಿಸೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ವಯಸ್ಸಾದ ಫಿಲಂ ಕುಗ್ಗಿರುತ್ತದೆ. ಅಂಚಿನ ತೂತು ಯಂತ್ರದ ಹಲ್ಲಿಗೆ ಕೂರದೆ ಪರಪರ ಹರಿಯುತ್ತದೆ. ಬದಲಿಗೆ ಒಂದು ಗೇಣು ಬಿಚ್ಚಿ ಬೆಳಕಿಗೆ ಹಿಡಿಯಿರಿ. ತೂತು ದೊಡ್ಡದಾಗಿ, ಎರಡು ಚಿತ್ರಗಳ ನಡುವೆ ಇದ್ದರೆ ಅದು 1932ರಲ್ಲಿ ಕೊಡಾಕ್ ತಂದ ರೆಗ್ಯುಲರ್ 8. ಸಣ್ಣದಾಗಿ, ಚಿತ್ರದ ಮಧ್ಯಕ್ಕೆ ಸರಿಯಾಗಿದ್ದರೆ 1965ರ ಸೂಪರ್ 8. ಅಂಚಿನಲ್ಲಿ ಕಂದು ಪಟ್ಟಿ ಕಂಡರೆ ಅದರಲ್ಲಿ ದನಿಯೂ ಇರಬಹುದು.

ಸೂಪರ್ 8ರ 50 ಅಡಿ ಸುರುಳಿ ಓಡುವುದು ಬರೀ 3 ನಿಮಿಷ 20 ಸೆಕೆಂಡು. ಇಡೀ ಮದುವೆಗೆ ಅಷ್ಟೇ! ಹಾಗಾಗಿ ಕ್ಯಾಮೆರಾ ಹಿಡಿದವರು ಲೆಕ್ಕ ಹಾಕಿಯೇ ಗುಂಡಿ ಒತ್ತುತ್ತಿದ್ದರು. ಈಗ ನಾವು ಕೇಕ್ ಕತ್ತರಿಸುವುದನ್ನೇ ಹತ್ತು ನಿಮಿಷ ಹಿಡಿಯುತ್ತೇವೆ, ಅಲ್ವಾ?

ಈ ಸುರುಳಿಯನ್ನು ಡಿಜಿಟಲ್ ಮಾಡಿಸಲು ಹೊರಟರೆ, ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟು ಮೊಬೈಲಿನಲ್ಲಿ ಹಿಡಿದುಕೊಡುವವರೂ ಇದ್ದಾರೆ. ಅಗ್ಗ, ಆದರೆ ಚಿತ್ರ ಮಿಣುಕುತ್ತದೆ, ಅಂಚು ಕತ್ತರಿಸಿ ಹೋಗುತ್ತದೆ. ಒಂದೊಂದೇ ಚಿತ್ರವನ್ನು ಸ್ಕ್ಯಾನ್ ಮಾಡುವವರನ್ನೇ ಹುಡುಕಿ. ವೇಗವನ್ನೂ ಕೇಳಿ. ಆಗ ಸೆಕೆಂಡಿಗೆ 16 ಅಥವಾ 18 ಚಿತ್ರ ತೆಗೆಯುತ್ತಿದ್ದರು. ಅದನ್ನು 25ರಲ್ಲಿ ಬಿಟ್ಟರೆ, ಹೊಸಿಲು ದಾಟುವ ಮದುಮಗಳು ಬಸ್ಸು ಹಿಡಿಯಲು ಓಡಿದಂತೆ ಕಾಣುತ್ತಾಳೆ.

ನನಗೆ ಮುಖ್ಯ ಅನ್ನಿಸುವುದು ಸ್ಕ್ಯಾನ್ ಆದ ಮೇಲಿನ ಕೆಲಸ. ಹೆಚ್ಚಿನವು ಮೂಕಿ ಚಿತ್ರಗಳು. ಮನೆಯ ಹಿರಿಯರನ್ನು ಟಿವಿ ಮುಂದೆ ಕೂರಿಸಿ, ಪಕ್ಕದಲ್ಲಿ ಫೋನಿನ ರೆಕಾರ್ಡರ್ ಇಡಿ. ಕೆಂಪು ಸೀರೆ ಯಾರು, ಜೀಪು ಯಾರದ್ದು, ಆ ಬಾವಿ ಈಗ ಎಲ್ಲಿದೆ, ಎಲ್ಲ ಕೇಳಿ. ನಡುವೆ ಹಳೇ ಜಗಳವೂ ಎದ್ದೀತು, ಏಳಲಿ. ದಿನಾಂಕ, ಹೆಸರು ಫೈಲಿಗೇ ಬರೆಯಿರಿ. ಒಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಗೆ ಕಳಿಸಿ. ಮೂಲ ಫಿಲಂ ಮಾತ್ರ ಬಿಸಾಡಬೇಡಿ. ಹಾರ್ಡ್ ಡಿಸ್ಕ್ ಕೈಕೊಟ್ಟರೆ ಮತ್ತೆ ಸ್ಕ್ಯಾನ್ ಮಾಡಲು ಅದೇ ಬೇಕು.

ನಮಸ್ಕಾರ.