ಬಾರ್ಬಡೋಸ್‌ನಲ್ಲಿ ಕೈಯಲ್ಲಿದ್ದ ಕಾಸು

ಕೇಳುಗರಿಗೆಲ್ಲ ನಮಸ್ಕಾರ.

ಬಾರ್ಬಡೋಸ್ ಅಂದ ಕೂಡಲೇ ನಿಮ್ಮಲ್ಲಿ ಬಹಳ ಜನಕ್ಕೆ 2024ರ ಜೂನ್ 29 ನೆನಪಾಗುತ್ತದೆ, ಅಲ್ವಾ? ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್ ಮೈದಾನ. ಟಿ20 ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ನಮಗೆ 7 ರನ್ನಿನ ಗೆಲುವು. 2007ರಲ್ಲಿ ಇದೇ ವೆಸ್ಟ್ ಇಂಡೀಸ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತು ಬಂದ ತಂಡದ ನಾಯಕರಾಗಿದ್ದ ನಮ್ಮ ರಾಹುಲ್ ದ್ರಾವಿಡ್, ಆ ದಿನ ಕೋಚ್ ಆಗಿ ಕಪ್ ಎತ್ತಿ ಹಿಡಿದು ಕೂಗಿದರು. ನಾನೂ ನಮ್ಮ ಮನೆಯವರೂ ಆಗ ಆ ಮೈದಾನದಲ್ಲೇ ಇದ್ದೆವು. ಆದರೆ ನಾನು ಇವತ್ತು ಕ್ರಿಕೆಟ್ ಬಗ್ಗೆ ಮಾತಾಡಲು ಬಂದಿಲ್ಲ. ಆ ದ್ವೀಪದಲ್ಲಿ ನಾವು ದುಡ್ಡು ಹೇಗೆ ನಿಭಾಯಿಸಿದೆವು, ಎಲ್ಲಿ ಎಡವಿದೆವು, ಅದನ್ನು ಹೇಳಬೇಕು.

ನಾನು ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿದವಳು. ಕೊನೆಯ ಎಂಟು ವರ್ಷ ವಿದೇಶಿ ವಿನಿಮಯದ ಕೌಂಟರ್‌ನಲ್ಲಿದ್ದೆ. "ಮೇಡಂ, ಕ್ಯಾಶ್ ಎಷ್ಟು ಒಯ್ಯಲಿ, ಕಾರ್ಡಿಗೆ ಎಷ್ಟು ಹಾಕಿಸಲಿ?" ಅಂತ ದಿನಾ ಯಾರಾದರೂ ಕೇಳುತ್ತಿದ್ದರು. ನಾನು ಉತ್ತರ ಕೊಡುತ್ತಿದ್ದೆ. ಆ ಉತ್ತರದಲ್ಲಿ ಏನು ಬಿಟ್ಟುಹೋಗಿತ್ತು ಅನ್ನುವುದು ನಾನೇ ಹೋದ ಮೇಲೆ ಗೊತ್ತಾಯಿತು.

ಮೊದಲು ಅಲ್ಲಿನ ದುಡ್ಡಿನ ಪರಿಚಯ ಮಾಡಿಕೊಡುತ್ತೇನೆ. ಬಾರ್ಬಡೋಸ್‌ಗೆ ತನ್ನದೇ ಡಾಲರ್ ಇದೆ. 1975ರ ಜುಲೈ 5ರಿಂದ ಇವತ್ತಿನವರೆಗೆ ಅದರ ಬೆಲೆ ಬದಲಾಗಿಲ್ಲ. ಒಂದು ಅಮೆರಿಕನ್ ಡಾಲರ್‌ಗೆ ಎರಡು ಬಾರ್ಬಡೋಸ್ ಡಾಲರ್. ಹೀಗಾಗಿ ಲೆಕ್ಕ ಬಹಳ ಸುಲಭ. ಇನ್ನೊಂದು ಅನುಕೂಲ ಅಂದರೆ ಅಂಗಡಿ, ಹೋಟೆಲ್, ಟ್ಯಾಕ್ಸಿ ಎಲ್ಲ ಕಡೆ ಅಮೆರಿಕನ್ ನೋಟು ತೆಗೆದುಕೊಳ್ಳುತ್ತಾರೆ. ಚಿಲ್ಲರೆ ಮಾತ್ರ ಅಲ್ಲಿನ ದುಡ್ಡಿನಲ್ಲೇ ವಾಪಸ್ ಬರುತ್ತದೆ. ಬ್ಯಾಂಕಿಗೆ ಹೋಗಿ ಬದಲಿಸಿದರೆ ಎರಡಕ್ಕಿಂತ ಸ್ವಲ್ಪ ಕಡಿಮೆಯೇ ಸಿಗುತ್ತದೆ. ಸಾಮಾನ್ಯವಾಗಿ ಅಂಗಡಿಯವರು ಸರಿಯಾಗಿ ಎರಡರ ಲೆಕ್ಕ ಹಿಡಿಯುತ್ತಾರೆ. ಆದ್ದರಿಂದ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ದೊಡ್ಡ ಮೊತ್ತ ಬದಲಿಸಲು ಹೋಗಬೇಡಿ. ಅದರ ಅಗತ್ಯವೇ ಇಲ್ಲ.

ತೊಂದರೆ ಇರುವುದು ಬೇರೆ ಕಡೆ. ಎರಡಕ್ಕೂ ಹೆಸರು ಡಾಲರ್ರೇ. ಟ್ಯಾಕ್ಸಿಯವರು "ನಲವತ್ತು ಡಾಲರ್" ಅಂದರೆ ಅದು ಯಾವ ಡಾಲರ್? ಅಲ್ಲಿನದಾದರೆ ನಾವು ಹೋದಾಗಿನ ದರದಲ್ಲಿ ಸುಮಾರು 1,670 ರೂಪಾಯಿ. ಅಮೆರಿಕದ್ದಾದರೆ 3,300 ದಾಟುತ್ತಿತ್ತು. ಅಲ್ಲಿ ಟ್ಯಾಕ್ಸಿಗೆ ಮೀಟರ್ ಇರುವುದಿಲ್ಲ. ಹತ್ತುವ ಮೊದಲೇ "ಬೇಜನ್ ಡಾಲರ್ರಾ, ಯುಎಸ್ ಡಾಲರ್ರಾ?" ಅಂತ ಕೇಳಿಬಿಡಬೇಕು. ಬೇಜನ್ ಅಂದರೆ ಬಾರ್ಬಡೋಸ್‌ನವರು ಅಂತ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೂ ಈ ಪ್ರಶ್ನೆ ಅಭ್ಯಾಸವಾಗಿದೆ.

ನಾವು ಹೋದ ಎರಡನೇ ದಿನ ರಸ್ತೆ ಬದಿಯಲ್ಲಿ ಎಳನೀರು ಮಾರುವ ಒಬ್ಬ ವಯಸ್ಸಾದವರ ಹತ್ತಿರ ನಿಂತೆವು. ಎಷ್ಟು ಅಂತ ಕೇಳಿದೆ. "ಫೈವ್" ಅಂದರು. ನಾನು ಪರ್ಸಿನಿಂದ ಐದರ ಅಮೆರಿಕನ್ ನೋಟು ತೆಗೆದು ಕೊಟ್ಟು ಎಳನೀರು ಹಿಡಿದು ಹೊರಟೆ. ಹಿಂದಿನಿಂದ ಕೂಗಿದರು. ತಿರುಗಿ ನೋಡಿದರೆ ಕೈಯಲ್ಲಿ ಒಂದು ಹಸಿರು ನೋಟು ಹಿಡಿದು ನಿಂತಿದ್ದಾರೆ. ನಾನು ಕೊಟ್ಟದ್ದು ಅಲ್ಲಿನ ಹತ್ತಕ್ಕೆ ಸಮ. ಬಾಕಿ ಐದನ್ನು ವಾಪಸ್ ಕೊಡಲು ಕರೆದಿದ್ದರು. ಅಷ್ಟು ವರ್ಷ ಕೌಂಟರ್‌ನಲ್ಲಿ ಕೂತವಳು ಒಂದು ಎಳನೀರಿಗೆ ಲೆಕ್ಕ ತಪ್ಪಿದ್ದೆ. ಅವರು ಸುಮ್ಮನಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಆ ನೋಟನ್ನು ನಮ್ಮ ಮನೆಯವರು ಕೈಗೆ ತೆಗೆದುಕೊಂಡು ಅಲ್ಲೇ ನಿಂತುಬಿಟ್ಟರು. ಅದರ ಮೇಲೆ ಫ್ರಾಂಕ್ ವೊರೆಲ್ ಚಿತ್ರ. ವೆಸ್ಟ್ ಇಂಡೀಸ್‌ನ ನಾಯಕರಾಗಿದ್ದ ಆಟಗಾರ. 1962ರಲ್ಲಿ ನಮ್ಮ ತಂಡ ಇದೇ ಬ್ರಿಜ್‌ಟೌನ್‌ನಲ್ಲಿ ಆಡುವಾಗ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಬಡಿದು ಪ್ರಾಣಕ್ಕೇ ಬಂದಿತ್ತು. ಆಗ ಎದುರಾಳಿ ತಂಡದ ವೊರೆಲ್ ಮುಂದೆ ಬಂದು ರಕ್ತ ಕೊಟ್ಟರು. ಅದರ ನೆನಪಿಗೆ ಕೋಲ್ಕತ್ತದಲ್ಲಿ ಫೆಬ್ರವರಿ 3ರಂದು ರಕ್ತದಾನ ಶಿಬಿರ ನಡೆಸುವ ಸಂಪ್ರದಾಯವಿದೆ. ನಮ್ಮವರು ಇದನ್ನೆಲ್ಲ ಎಳನೀರಿನವರಿಗೆ ಹೇಳಿದರು. ಅವರಿಗೂ ಗೊತ್ತಿತ್ತು. ಇಬ್ಬರೂ ಬಿಸಿಲಲ್ಲಿ ಅರ್ಧ ಗಂಟೆ ಮಾತಾಡಿದರು.

ಈ ನೋಟುಗಳ ಬಗ್ಗೆ ಇನ್ನೊಂದು ಮಾತು. 2022ರ ಡಿಸೆಂಬರ್‌ನಿಂದ ಪ್ಲಾಸ್ಟಿಕ್‌ನಂಥ ಪಾಲಿಮರ್ ನೋಟು ಬಂದಿವೆ. ಸಮುದ್ರದಲ್ಲಿ ನೆನೆದರೂ ಕೆಡುವುದಿಲ್ಲ, ಆದರೆ ಹೊಸ ನೋಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಣಿಸುವಾಗ ಬೆರಳಲ್ಲಿ ಉಜ್ಜಿ ನೋಡಿ. ಒಂದು ಡಾಲರ್ ನಾಣ್ಯಕ್ಕೆ ಏಳು ಮೂಲೆ, ಒಂದು ಬದಿಯಲ್ಲಿ ಹಾರುವ ಮೀನು. ಈ ನಾಣ್ಯ ಸಿಕ್ಕರೆ ಖರ್ಚು ಮಾಡದೆ ಇಟ್ಟುಕೊಳ್ಳಿ. ಯಾಕೆ ಅಂದರೆ ಅಲ್ಲಿನ ಬಸ್ಸು. ಸರ್ಕಾರದ ನೀಲಿ ಬಸ್ಸಿನಲ್ಲಿ ದರ ಮೂರೂವರೆ ಡಾಲರ್. ಎಲ್ಲಿಂದ ಎಲ್ಲಿಗೆ ಹೋದರೂ ಅಷ್ಟೇ. ಡ್ರೈವರ್ ಪಕ್ಕದ ಡಬ್ಬಿಗೆ ಹಾಕಬೇಕು, ಚಿಲ್ಲರೆ ವಾಪಸ್ ಕೊಡುವುದಿಲ್ಲ, ಅಮೆರಿಕನ್ ದುಡ್ಡೂ ಆಗುವುದಿಲ್ಲ. ಹಳದಿ ಮಿನಿಬಸ್ಸು, ಬಿಳಿ ಬಣ್ಣಕ್ಕೆ ಕೆಂಪು ಪಟ್ಟಿ ಬಳಿದ ವ್ಯಾನು, ಇವುಗಳಲ್ಲಿ ಚಿಲ್ಲರೆ ಕೊಡುತ್ತಾರೆ. ಆ ವ್ಯಾನಿಗೆ ಅಲ್ಲಿ ಝಡ್‌ಆರ್ ಅನ್ನುತ್ತಾರೆ, ನಂಬರ್ ಪ್ಲೇಟಿನ ಮೊದಲ ಅಕ್ಷರ ಅದೇ. ಜೋರು ಹಾಡು, ಮೈಗೆ ಮೈ ತಾಗುವಷ್ಟು ಜನ. ನಮ್ಮ ಕಡೆಯ ಟೆಂಪೋ ಹತ್ತಿದ ಹಾಗೇ ಆಯಿತು.

ಈಗ ಇಲ್ಲಿಂದ ಹೊರಡುವ ಮೊದಲಿನ ಕೆಲಸ. ಬಾರ್ಬಡೋಸ್ ಡಾಲರ್ ನಮ್ಮೂರಲ್ಲಿ ಕೊಳ್ಳಲು ಸಿಗುವುದಿಲ್ಲ. ಅಮೆರಿಕನ್ ಡಾಲರ್ ಒಯ್ಯಬೇಕು. ಒಂದು ಪ್ರವಾಸಕ್ಕೆ ನಗದು ಅಂತ 3,000 ಡಾಲರ್‌ವರೆಗೆ ಕೊಡುತ್ತಾರೆ. ಅಷ್ಟು ಬೇಡವೇ ಬೇಡ. ನಾವಿಬ್ಬರೂ ಸೇರಿ 600 ಒಯ್ದಿದ್ದೆವು. ಕೌಂಟರ್‌ನಲ್ಲಿ ನೂರರ ನೋಟನ್ನೇ ಎಣಿಸಿ ಕೊಡುತ್ತಾರೆ. ಬಿಡಬೇಡಿ. "ಐದು, ಹತ್ತು, ಇಪ್ಪತ್ತರಲ್ಲಿ ಕೊಡಿ" ಅಂತ ಕೇಳಿ. ಪೆನ್ನಿನಲ್ಲಿ ಗೀಚಿದ ನೋಟು, ಅಂಚು ಹರಿದ ನೋಟು ಅಲ್ಲೇ ವಾಪಸ್ ಕೊಡಿ. ಅಲ್ಲಿ ಹೋದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ.

ಕಾರ್ಡಿನ ವಿಷಯ. 2020ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಇರುತ್ತದೆ. ನೀವೇ ಆ್ಯಪ್‌ನಲ್ಲಿ ಅದನ್ನು ತೆರೆಯಬೇಕು. ದಿನಕ್ಕೆ ಎಷ್ಟು ಅನ್ನುವ ಮಿತಿಯೂ ಅಲ್ಲೇ ಇದೆ. ಮನೆಯಲ್ಲಿ ಕೂತಿರುವಾಗಲೇ ಇದನ್ನು ಮಾಡಿಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ, ಮುಂದೆ ಹೇಳುತ್ತೇನೆ. ಇನ್ನು ಫಾರೆಕ್ಸ್ ಕಾರ್ಡ್, ಅಂದರೆ ವಿದೇಶಿ ದುಡ್ಡನ್ನು ಮೊದಲೇ ತುಂಬಿಸಿಕೊಂಡು ಒಯ್ಯುವ ಕಾರ್ಡ್. ಅದಕ್ಕೆ ಅಮೆರಿಕನ್ ಡಾಲರ್ ತುಂಬಿಸಿದರೆ ಖರ್ಚಿಲ್ಲ ಅಂತ ಜನ ತಿಳಿದಿರುತ್ತಾರೆ. ಅದು ಅಮೆರಿಕದಲ್ಲಿ ಸರಿ. ಬಾರ್ಬಡೋಸ್‌ನಲ್ಲಿ ಬಿಲ್ಲು ಬರುವುದು ಬಾರ್ಬಡೋಸ್ ಡಾಲರ್‌ನಲ್ಲಿ. ಒಂದು ಕರೆನ್ಸಿಯಿಂದ ಇನ್ನೊಂದಕ್ಕೆ ಹೋದದ್ದಕ್ಕೆ ಎಷ್ಟೋ ಬ್ಯಾಂಕುಗಳು ಶೇಕಡಾ 3.5ರವರೆಗೆ ಹಿಡಿಯುತ್ತವೆ. ಕೆಲವು ಹೋಟೆಲ್‌ಗಳು ರೂಮಿನ ಬಿಲ್ಲನ್ನು ಅಮೆರಿಕನ್ ಡಾಲರ್‌ನಲ್ಲೇ ಹಾಕುತ್ತವೆ. ಅಲ್ಲಿ ಈ ಕಾರ್ಡು ಕೊಡಿ. ಉಳಿದ ಕಡೆಗೆ ವಿದೇಶಿ ಶುಲ್ಕ ಕಡಿಮೆ ಇರುವ ಮಾಮೂಲಿ ಕಾರ್ಡೇ ವಾಸಿ.

ಒಂದು ಸಂಜೆ ಊಟಕ್ಕೆ ಹೋಗಿದ್ದೆವು. ಬಿಲ್ಲು ಅಲ್ಲಿನ 240 ಡಾಲರ್. ಅಂದರೆ 120 ಅಮೆರಿಕನ್ ಡಾಲರ್. ಆ ವಾರದ ದರದಲ್ಲಿ ಸುಮಾರು 10,000 ರೂಪಾಯಿ. ಕಾರ್ಡ್ ಹಾಕಿದ ಕೂಡಲೇ ಮೆಷಿನ್‌ನಲ್ಲಿ ಎರಡು ಸಾಲು ಬಂತು. ಮೇಲಿನ ಸಾಲಿನಲ್ಲಿ 240 ಡಾಲರ್, ಕೆಳಗಿನದರಲ್ಲಿ ರೂಪಾಯಿ, 10,640. ಹುಡುಗ ನಗುತ್ತಾ "ನಿಮ್ಮ ದೇಶದ ದುಡ್ಡಿನಲ್ಲೇ ಕಟ್ಟಬಹುದು" ಅಂತ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. ನೋಡಲು ಹಿತವಾಗಿರುತ್ತದೆ, ನಮ್ಮ ರೂಪಾಯಿ ಕಣ್ಣೆದುರು ಕಂಡ ಹಾಗೆ. ಆದರೆ ಆ ದರ ಹಾಕುವುದು ನಿಮ್ಮ ಬ್ಯಾಂಕ್ ಅಲ್ಲ, ಆ ಮೆಷಿನ್ ನಡೆಸುವವರು. ಅದರ ಮೇಲೆ ನಿಮ್ಮ ಬ್ಯಾಂಕೂ ಇನ್ನೊಂದಿಷ್ಟು ಹಾಕಬಹುದು. ನಾನು "ಲೋಕಲ್ ಕರೆನ್ಸಿ" ಅಂತ ಹೇಳಿ ಮೇಲಿನ ಸಾಲನ್ನೇ ಒತ್ತಿಸಿದೆ. ಮೂರೂವರೆ ಶುಲ್ಕ, ಅದರ ಮೇಲೆ ಜಿಎಸ್‌ಟಿ ಎಲ್ಲ ಸೇರಿದರೂ 10,420ರ ಸುತ್ತ ಬಂತು. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ. ಅಲ್ಲೂ ಅದೇ ಉತ್ತರ. ಅಂದ ಹಾಗೆ, ಊಟದ ಬಿಲ್ಲಿನಲ್ಲಿ ಶೇಕಡಾ 10 ಸರ್ವಿಸ್ ಚಾರ್ಜ್ ಸೇರಿರುವುದು ಸಾಮಾನ್ಯ. ನೋಡಿಕೊಂಡು ಟಿಪ್ಸ್ ಇಡಿ.

ಬಾರ್ಬಡೋಸ್ ಜೊತೆ ಬೇರೆ ದ್ವೀಪಗಳಿಗೂ ಹೋಗುವವರಿಗೆ ಬೇಗ ಹೇಳಿಬಿಡುತ್ತೇನೆ. ಪಕ್ಕದ ಸೇಂಟ್ ಲೂಸಿಯಾ, ಗ್ರೆನಡಾ, ಆಂಟಿಗುವಾ ಮುಂತಾದ ಎಂಟು ಕಡೆ ಈಸ್ಟರ್ನ್ ಕೆರಿಬಿಯನ್ ಡಾಲರ್. ಅದು 1976ರಿಂದ ಒಂದು ಅಮೆರಿಕನ್ ಡಾಲರ್‌ಗೆ 2.70. ಮಾರ್ಟಿನಿಕ್‌ನಲ್ಲಿ ಯೂರೊ. ಬಹಾಮಾಸ್‌ನಲ್ಲಿ ಒಂದಕ್ಕೆ ಒಂದು. ಜಮೈಕಾದ ಡಾಲರ್ ದಿನಾ ಏರಿಳಿಯುತ್ತದೆ. ಒಂದು ದ್ವೀಪದ ಚಿಲ್ಲರೆಯನ್ನು ಅಲ್ಲೇ ಮುಗಿಸಿ ಮುಂದಕ್ಕೆ ಹೊರಡಿ.

ಈಗ ನಾನು ಕೌಂಟರ್‌ನಲ್ಲಿ ಯಾರಿಗೂ ಹೇಳದೇ ಇದ್ದದ್ದು.

ಫೈನಲ್ ಮುಗಿದದ್ದು ಶನಿವಾರ. ನಮ್ಮ ವಿಮಾನ ಸೋಮವಾರಕ್ಕೆ. ಭಾನುವಾರ ಬೆಳಗ್ಗೆ ಎದ್ದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ಬೆರಿಲ್. ಚಂಡಮಾರುತ ದ್ವೀಪದ ಕಡೆಗೇ ಬರುತ್ತಿತ್ತು. ವಿಮಾನ ನಿಲ್ದಾಣ ಮುಚ್ಚುತ್ತಾರೆ ಅಂದರು. ಸಂಜೆ ಹೊತ್ತಿಗೆ ಅಂಗಡಿಗಳೂ ಬಂದ್. ನಾವು ಹೋಟೆಲ್ ಹತ್ತಿರದ ಸಣ್ಣ ಅಂಗಡಿಗೆ ಓಡಿದೆವು. ಬಾಗಿಲವರೆಗೆ ಸಾಲು. ನಮ್ಮ ಸರದಿ ಬಂದಾಗ ಅಂಗಡಿಯಾಕೆ ಕಾರ್ಡ್ ಮೆಷಿನ್ ಪಕ್ಕಕ್ಕೆ ತಳ್ಳಿ ತಲೆ ಆಡಿಸಿದಳು. ನೆಟ್‌ವರ್ಕ್ ಇಲ್ಲ. ನನ್ನ ಮುಂದೆ ನಿಂತಿದ್ದ ಒಬ್ಬ ಹುಡುಗ, ನಮ್ಮ ಕಡೆಯವನೇ, ಮೂರು ಕಾರ್ಡು ಹಿಡಿದು ಹಾಗೇ ನಿಂತಿದ್ದ. ಕೈಯಲ್ಲಿ ಒಂದು ನಾಣ್ಯವೂ ಇಲ್ಲ. ಊರಲ್ಲಿ ಹೂವು, ಸೊಪ್ಪಿಗೂ ಯುಪಿಐ ಮಾಡಿ ಅಭ್ಯಾಸವಾದ ಮಕ್ಕಳು, ಅವರನ್ನು ತಪ್ಪು ಅನ್ನಲಾರೆ. ನನ್ನ ಚೀಲದಲ್ಲಿ ಅಲ್ಲಿನ 140 ಡಾಲರ್ ಇತ್ತು. ಎಳನೀರು, ಬಸ್ಸು ಅಂತ ಸೇರಿದ ಚಿಲ್ಲರೆ, ಐದು ಹತ್ತರ ನೋಟುಗಳು. ಬ್ರೆಡ್ಡು, ಬಿಸ್ಕತ್ತು, ಬಾಳೆಹಣ್ಣು, ನೀರು, ಮೇಣದ ಬತ್ತಿ ತೆಗೆದುಕೊಂಡೆ. ಆ ಹುಡುಗನಿಗೂ ಸೇರಿಸಿ ಕೊಟ್ಟೆ.

ರಾತ್ರಿ ಗಾಳಿ ಕೂಗಿದ ರೀತಿ ನಾನು ಮರೆಯಲಾರೆ. ಬೆರಿಲ್ ಕೊನೆಗೆ ಸ್ವಲ್ಪ ದಕ್ಷಿಣಕ್ಕೆ ಸರಿದು ಗ್ರೆನಡಾದ ಕ್ಯಾರಿಯಾಕೂ ದ್ವೀಪಕ್ಕೆ ಬಡಿಯಿತು. ಆದರೂ ಬ್ರಿಜ್‌ಟೌನ್‌ನಲ್ಲಿ ಎಷ್ಟೋ ಮೀನುಗಾರರ ದೋಣಿಗಳು ಒಡೆದುಹೋದವು. ನಮ್ಮ ಕ್ರಿಕೆಟ್ ತಂಡವೂ ಅಲ್ಲೇ ಸಿಕ್ಕಿಕೊಂಡಿತ್ತು, ನಿಮಗೆ ನೆನಪಿರಬಹುದು. ಅವರು ಜುಲೈ 4ಕ್ಕೆ ದೆಹಲಿ ತಲುಪಿದರು.

ನಮಗೆ ಹೋಟೆಲ್‌ನಲ್ಲಿ ಇನ್ನೂ ಮೂರು ರಾತ್ರಿ ಬೇಕಾಯಿತು. ಕಾರ್ಡ್ ಹಾಕಿದರೆ ನಿರಾಕರಿಸಿತು. ನಾನು ಇಟ್ಟಿದ್ದ ದಿನದ ಮಿತಿ ದಾಟಿತ್ತು. ಮಿತಿ ಏರಿಸಲು ಒಟಿಪಿ ಬೇಕು. ಒಟಿಪಿ ಬರುವುದು ನಮ್ಮೂರಿನ ಸಿಮ್‌ಗೆ. ದುಡ್ಡು ಉಳಿಸಲು ಆ ಸಿಮ್ ತೆಗೆದು ಅಲ್ಲಿನ ಸಿಮ್ ಹಾಕಿದ್ದೆ, ಹಳೆಯದು ಸೂಟ್‌ಕೇಸಿನ ಯಾವುದೋ ಮೂಲೆಯಲ್ಲಿ. ಅಲ್ಲಿ ಸಂಜೆ ಏಳು, ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆ. ಮಗಳಿಗೆ ಫೋನ್ ಮಾಡಲೂ ಮನಸ್ಸಿಲ್ಲ. ಸಿಮ್ ಹುಡುಕಿ, ಹಾಕಿ, ರೋಮಿಂಗ್ ಹಿಡಿಯುವವರೆಗೆ ಮುಕ್ಕಾಲು ಗಂಟೆ. ರಿಸೆಪ್ಶನ್‌ನಲ್ಲಿದ್ದ ಹುಡುಗಿ ಒಂದು ಮಾತೂ ಆಡದೆ ಕಾದಳು. ಅವಳ ಮನೆಯ ಚಾವಣಿ ಆ ಬೆಳಗ್ಗೆ ಸೋರುತ್ತಿತ್ತಂತೆ.

ಅದಕ್ಕೇ ಈಗ ಯಾರು ಕೇಳಿದರೂ ಹೀಗೆ ಹೇಳುತ್ತೇನೆ. ಎರಡು ದಿನದ ಊಟಕ್ಕೆ, ಓಡಾಟಕ್ಕೆ ಆಗುವಷ್ಟು ಅಲ್ಲಿನದೇ ದುಡ್ಡು, ಸಣ್ಣ ನೋಟಿನಲ್ಲಿ, ಯಾವಾಗಲೂ ಬೇರೆ ಚೀಲದಲ್ಲಿ ಇರಲಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಆಗ ಹೋಗುವವರು ಇನ್ನೂ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡು, ಒಂದು ನಿಮ್ಮ ಹತ್ತಿರ, ಒಂದು ಜೊತೆಗಿರುವವರ ಹತ್ತಿರ. ಊರಿನ ಸಿಮ್ ಫೋನಿನಲ್ಲೇ ಇರಲಿ.

ಹೊರಡುವಾಗ ಅಲ್ಲಿನ ಡಾಲರ್ ಖಾಲಿ ಮಾಡಿಯೇ ಬನ್ನಿ, ಇಲ್ಲಿ ಅದನ್ನು ಬದಲಿಸಿ ಕೊಡುವವರು ಸಿಗುವುದಿಲ್ಲ. ಅಮೆರಿಕನ್ ಡಾಲರ್ ಉಳಿದರೆ 2,000ದವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನದೊಳಗೆ ಬ್ಯಾಂಕಿಗೆ ಕೊಡಬೇಕು. ನಮ್ಮ ಬಳಿ ಕೊನೆಗೆ ಅಲ್ಲಿನ 37 ಡಾಲರ್ ಉಳಿದಿತ್ತು. 32ನ್ನು ರಿಸೆಪ್ಶನ್‌ನ ಆ ಹುಡುಗಿಯ ಕೈಗಿಟ್ಟೆ. ವೊರೆಲ್ ಚಿತ್ರದ ಐದರ ನೋಟನ್ನು ಮಾತ್ರ ನಮ್ಮವರು ಕೊಡಲು ಒಪ್ಪಲಿಲ್ಲ.

ನಮಸ್ಕಾರ.